ವಿಂಡೋ ಮುಚ್ಚೋದು ಬೇರೆ, ಲಾಗ್‌ಔಟ್ ಆಗೋದು ಬೇರೆ

ಇವತ್ತು ಸ್ವಲ್ಪ ತಾಂತ್ರಿಕ ವಿಷಯ. ಲಿನಕ್ಸ್ ಕಂಪ್ಯೂಟರ್‌ಗೆ ದೂರದಿಂದ, ಅಂದ್ರೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಲಾಗಿನ್ ಆದಾಗ ಒಳಗಡೆ ಏನಾಗುತ್ತೆ, ಯಾಕೆ ಕೆಲವೊಮ್ಮೆ ಬರೀ ಕಪ್ಪು ಪರದೆ ಬರುತ್ತೆ, ಅದನ್ನ ಸರಿ ಮಾಡೋದು ಹೇಗೆ ಅನ್ನೋದು. ‘ನೀನು ಬಿ.ಕಾಂ. ಓದಿದವನು, ನಿನಗ್ಯಾಕಪ್ಪಾ ಈ ಉಸಾಬರಿ’ ಅಂತ ಕೇಳಬಹುದು. ಆ ಪ್ರಶ್ನೆಗೆ ಉತ್ತರವೇ ಈ ಎಪಿಸೋಡ್. ಇದರಲ್ಲಿ ನಾನು ಮಾಡಿದ ಒಂದು ತಪ್ಪಿದೆ. ಆ ತಪ್ಪಿಗೆ ಬೇರೆಯವರು ಎರಡು ರಾತ್ರಿ ನಿದ್ದೆ ಕೆಟ್ಟಿದ್ದಾರೆ.

ಪಾಡ್‌ಕಾಸ್ಟ್ ಶುರು ಮಾಡೋಕೆ ಮುಂಚೆ ನಾನು ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಅಕೌಂಟ್ಸ್ ಬರೀತಿದ್ದೆ. ಸಣ್ಣ ಆಫೀಸು. ಸರ್, ಒಬ್ಬ ಹಿರಿಯ ಅಕ್ಕ, ನಾನು, ಇನ್ನಿಬ್ಬರು ಹುಡುಗರು. ಅಂಗಡಿಯವರ ಖರೀದಿ, ಮಾರಾಟದ ಬಿಲ್ಲುಗಳನ್ನ ಶೀಟಿಗೆ ಹಾಕೋದು, ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸೋದು, ಇಷ್ಟೇ ಕೆಲಸ. ಆಫೀಸಿನಲ್ಲಿ ಸ್ವಲ್ಪ ಕಂಪ್ಯೂಟರ್ ಗೊತ್ತಿದ್ದವನು ನಾನೊಬ್ಬನೇ. ಹಾಗಾಗಿ ಪ್ರಿಂಟರ್ ಕೆಟ್ಟರೂ ನಾನೇ, ನೆಟ್ ಹೋದರೂ ನಾನೇ.

ಖರ್ಚು ಉಳಿಸೋಣ ಅಂತ ಒಂದು ಒಳ್ಳೆ ಕಂಪ್ಯೂಟರ್‌ಗೆ ಉಬುಂಟು ಹಾಕಿ, ಪ್ರತಿಯೊಬ್ಬರಿಗೂ ಒಂದೊಂದು ಅಕೌಂಟ್ ಮಾಡಿಕೊಟ್ಟೆ. ಮನೆಯಿಂದಲೂ ಕೆಲಸ ಮಾಡೋಕಾಗಲಿ ಅಂತ ಎಕ್ಸ್‌ಆರ್‌ಡಿಪಿ ಅನ್ನೋ ಉಚಿತ ತಂತ್ರಾಂಶ ಹಾಕಿದೆ. ಇದಿದ್ದರೆ ವಿಂಡೋಸ್‌ನಲ್ಲಿ ಇರೋ ಮಾಮೂಲಿ ರಿಮೋಟ್ ಡೆಸ್ಕ್‌ಟಾಪ್ ಆಪ್‌ನಿಂದಲೇ ಲಿನಕ್ಸ್‌ಗೆ ಬರಬಹುದು. ಅಕ್ಕನ ಮನೆಯಲ್ಲಿ ಮಾವನವರಿಗೆ ಹುಷಾರಿರಲಿಲ್ಲ. ಮಧ್ಯಾಹ್ನ ಮನೆಗೆ ಹೋಗಿ ಉಳಿದ ಕೆಲಸ ಅಲ್ಲಿಂದಲೇ ಮುಗಿಸ್ತಿದ್ದರು. ಈ ವ್ಯವಸ್ಥೆ ಮಾಡಿದ್ದೇ ಮುಖ್ಯವಾಗಿ ಅವರಿಗಾಗಿ.

ಒಂದು ತಿಂಗಳು 18ನೇ ತಾರೀಖು ರಾತ್ರಿ ಅಕ್ಕ ಫೋನ್ ಮಾಡಿದರು. ‘ತಮ್ಮಾ, ಪಾಸ್‌ವರ್ಡ್ ಹಾಕ್ತೀನಿ, ಪರದೆ ಪೂರ್ತಿ ಕಪ್ಪಾಗುತ್ತೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತೆ.’ 20ಕ್ಕೆ ಜಿಎಸ್‌ಟಿಆರ್-3ಬಿ ಕಡೇ ದಿನ. ತೆರಿಗೆ ಇರೋ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಒಬ್ಬರದ್ದಾದರೆ ಪರವಾಗಿಲ್ಲ, ನಮ್ಮ ಹತ್ತಿರ ಹತ್ತಾರು ಅಂಗಡಿಯವರ ಫೈಲ್ ಇದ್ದವು. ನಾನು ತಕ್ಷಣ ನೆಟ್‌ನಲ್ಲಿ ಹುಡುಕಿದೆ. ಎಕ್ಸ್‌ಆರ್‌ಡಿಪಿಯ ‘ಸ್ಟಾರ್ಟ್‌ಡಬ್ಲ್ಯುಎಂ’ ಅನ್ನೋ ಫೈಲಿಗೆ ಎರಡು ಸಾಲು ಸೇರಿಸಿ ಅಂತ ಎಲ್ಲರೂ ಹೇಳಿದ್ದರು. ಡಿ-ಬಸ್ ವಿಳಾಸವನ್ನ ಅನ್‌ಸೆಟ್ ಮಾಡು, ಎಕ್ಸ್‌ಡಿಜಿ ರನ್‌ಟೈಮ್ ಡಿರ್ ಅನ್ನ ಅನ್‌ಸೆಟ್ ಮಾಡು. ಅರ್ಥ ಆಗಲಿಲ್ಲ. ಆದರೂ ಹಾಕಿದೆ. ಪರದೆ ಬಂತು. ಅಕ್ಕ ‘ಬಂತು ಬಂತು’ ಅಂದರು. ಐದು ನಿಮಿಷಕ್ಕೆ ಮತ್ತೆ ಫೋನ್. ‘ಫೈರ್‌ಫಾಕ್ಸ್ ಓಪನ್ ಆಗ್ತಿಲ್ಲ, ಆಗಲೇ ಓಪನ್ ಇದೆ ಅಂತಿದೆ.’ ಜಿಎಸ್‌ಟಿ ಪೋರ್ಟಲ್‌ಗೆ ಹೋಗೋಕೆ ಅವರಿಗೆ ಬೇಕಾದದ್ದು ಅದೇ ಫೈರ್‌ಫಾಕ್ಸ್!

ಆವಾಗ ಕೂತು, ಆ ಎರಡು ಸಾಲು ಏನು ಮಾಡುತ್ತೆ ಅಂತ ಓದಿದೆ. ಅದನ್ನೇ ಈಗ ನಿಮಗೆ ಹೇಳ್ತೀನಿ.

ನಮ್ಮ ಕಡೆ ಮದುವೆ ಛತ್ರದಲ್ಲಿ ಗಂಡಿನ ಕಡೆಯವರಿಗೆ ಒಂದು ರೂಮು ಕೊಡ್ತಾರಲ್ಲ, ಅದನ್ನ ನೆನಪಿಸಿಕೊಳ್ಳಿ. ಮೊದಲು ಬಂದವರ ಕೈಗೆ ಬೀಗದ ಕೈ ಕೊಡ್ತಾರೆ. ಆಮೇಲೆ ಅದೇ ಕಡೆಯವರು ಎಷ್ಟು ಜನ ಬಂದರೂ ಅದೇ ರೂಮು. ಒಬ್ಬರು ಉಳಿದಿದ್ದರೂ ರೂಮು ಅವರದ್ದೇ. ಕೊನೆಯವರು ಬೀಗ ಕೊಟ್ಟು ಹೋದ ಮೇಲೆ ಛತ್ರದವರು ಗುಡಿಸಿ, ಒಳಗೆ ಬಿಟ್ಟುಹೋದದ್ದನ್ನೆಲ್ಲ ಆಚೆ ಹಾಕ್ತಾರೆ.

ಲಿನಕ್ಸ್‌ನಲ್ಲೂ ಇದೇ ರೀತಿ. ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಇರುತ್ತೆ, ಅದರ ಭಾಗವಾದ ‘ಲಾಗಿನ್‌ಡಿ’ ಛತ್ರದ ಮ್ಯಾನೇಜರ್ ಇದ್ದಂತೆ. ನೀವು ಮೊದಲ ಸಲ ಲಾಗಿನ್ ಆದಾಗ ಅದು ನಿಮಗಾಗಿ ಒಂದು ಡೈರೆಕ್ಟರಿ ಮಾಡುತ್ತೆ. ಹೆಸರು ಸ್ಲ್ಯಾಷ್ ರನ್, ಸ್ಲ್ಯಾಷ್ ಯೂಸರ್, ಸ್ಲ್ಯಾಷ್ ನಿಮ್ಮ ಯೂಸರ್ ನಂಬರ್. ಉಬುಂಟುನಲ್ಲಿ ಮೊದಲ ಬಳಕೆದಾರನ ನಂಬರ್ 1000. ನಮ್ಮ ಆಫೀಸಲ್ಲಿ ಅದು ನಾನು. ಅಕ್ಕನದ್ದು 1002. ಆ ಡೈರೆಕ್ಟರಿ ಎಲ್ಲಿದೆ ಅಂತ ಆಪ್‌ಗಳಿಗೆ ಹೇಳೋದೇ ಎಕ್ಸ್‌ಡಿಜಿ ರನ್‌ಟೈಮ್ ಡಿರ್ ಅನ್ನೋ ವೇರಿಯಬಲ್. ಒಳಗೆ ಹೋಗೋ ಅನುಮತಿ ಆ ಬಳಕೆದಾರನಿಗೆ ಮಾತ್ರ, ಪರ್ಮಿಷನ್ 0700. ಇದು ಹಾರ್ಡ್ ಡಿಸ್ಕ್‌ನಲ್ಲಿ ಇರಲ್ಲ, ಮೆಮೊರಿಯಲ್ಲಿ ಇರುತ್ತೆ. ಗಾತ್ರದ ಮಿತಿ ಮಾಮೂಲಿಯಾಗಿ ರ್‍ಯಾಮ್‌ನ ಶೇ 10. ಅಂದ್ರೆ 8 ಜಿಬಿ ರ್‍ಯಾಮ್ ಇದ್ದರೆ ಹೆಚ್ಚುಕಡಿಮೆ 800 ಎಂಬಿ. ಆಪ್‌ಗಳು ಒಂದಕ್ಕೊಂದು ಮಾತಾಡೋ ಸಾಕೆಟ್‌ಗಳು ಇಲ್ಲಿರುತ್ತವೆ. ಡಿ-ಬಸ್‌ದೂ ಇಲ್ಲೇ, ಸೌಂಡಿನದ್ದೂ ಇಲ್ಲೇ. ಕೊನೆಯ ಸೆಷನ್ ಮುಗಿದು ಕೆಲವು ಸೆಕೆಂಡಿಗೆ ಇಡೀ ಡೈರೆಕ್ಟರಿ ಅಳಿಸಿ ಹೋಗುತ್ತೆ.

ಈಗ ಅಕ್ಕನ ಕಥೆಗೆ ಬನ್ನಿ. ಅವತ್ತು ಬೆಳಗ್ಗೆ ಆಫೀಸಿನಲ್ಲಿ ಆ ಕಂಪ್ಯೂಟರ್ ಮುಂದೆಯೇ ಕೂತು ಕೆಲಸ ಮಾಡಿದ್ದರು. ಮಧ್ಯಾಹ್ನ ಪರದೆ ಲಾಕ್ ಮಾಡಿ ಮನೆಗೆ ಹೋದರು. ಲಾಗ್‌ಔಟ್ ಆಗಿರಲಿಲ್ಲ. ಅಂದ್ರೆ ರೂಮಿನಲ್ಲಿ ಜನ ಇದ್ದಾರೆ. ರಾತ್ರಿ ಮನೆಯಿಂದ ಅದೇ ಹೆಸರಲ್ಲಿ ಇನ್ನೊಂದು ಸೆಷನ್ ಶುರುವಾಯಿತು, ಅದಕ್ಕೂ ಅದೇ ರೂಮು ಸಿಕ್ತು. ಆದರೆ ರೂಮಿನಲ್ಲಿರೋ ಫೋನ್ ಒಂದೇ, ಡಿ-ಬಸ್. ಗ್ನೋಮ್ ಡೆಸ್ಕ್‌ಟಾಪ್, ಒಬ್ಬ ಬಳಕೆದಾರನಿಗೆ ಒಂದು ಹೊತ್ತಿಗೆ ಒಂದೇ ಗ್ರಾಫಿಕಲ್ ಸೆಷನ್ ಇರುತ್ತೆ ಅಂತ ನಂಬಿಕೊಂಡು ಕೆಲಸ ಮಾಡುತ್ತೆ. ಮೊದಲನೆಯದು ಆಗಲೇ ಓಡ್ತಾ ಇದೆ, ಎರಡನೆಯದಕ್ಕೆ ಜಾಗ ಇಲ್ಲ. ಅದಕ್ಕೇ ಕಪ್ಪು ಪರದೆ, ಅದಕ್ಕೇ ಹೊರಗೆ ಹಾಕಿದ್ದು.

ನಾನು ಹಾಕಿದ ಆ ಎರಡು ಸಾಲು ಏನು ಮಾಡ್ತು? ‘ನಿನಗೆ ರೂಮೇ ಇಲ್ಲ, ಫೋನೂ ಇಲ್ಲ ಅಂದುಕೋ, ಹೊಸದಾಗಿ ಶುರು ಮಾಡು’ ಅಂತ ಎರಡನೇ ಸೆಷನ್‌ಗೆ ಸುಳ್ಳು ಹೇಳ್ತು. ಪರದೆಯೇನೋ ಬಂತು. ಆದರೆ ಹೋಮ್ ಡೈರೆಕ್ಟರಿ ಒಂದೇ ತಾನೆ? ಬೆಳಗ್ಗಿನ ಸೆಷನ್‌ನಲ್ಲಿ ಫೈರ್‌ಫಾಕ್ಸ್ ತೆರೆದೇ ಇತ್ತು. ಅದೇ ಪ್ರೊಫೈಲನ್ನ ಇನ್ನೊಂದು ಕಡೆ ತೆರೆಯೋಕೆ ಅದು ಬಿಡಲಿಲ್ಲ. ಹಾಗಾಗಿ ನೆಟ್‌ನಲ್ಲಿ ಈ ಎರಡು ಸಾಲಿನ ಔಷಧಿ ಸಿಕ್ಕಿದರೆ, ರೋಗ ವಾಸಿ ಆಗಿಲ್ಲ, ನೋವು ಕಾಣ್ತಿಲ್ಲ ಅಷ್ಟೇ ಅಂತ ತಿಳ್ಕೊಳ್ಳಿ.

ಸರಿಯಾಗಿ ಮಾಡಬೇಕಿದ್ದದ್ದು ಹೀಗೆ. ನನ್ನ ಅಕೌಂಟಿನಿಂದ ಎಸ್‌ಎಸ್‌ಎಚ್‌ನಲ್ಲಿ ಹೋಗಿ ‘ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್’ ಅಂತ ಕೊಟ್ಟೆ. ಯಾರ್‍ಯಾರು ಒಳಗಿದ್ದಾರೆ ಅಂತ ಪಟ್ಟಿ ಬಂತು. ಅಕ್ಕನ ಹೆಸರು ಎರಡು ಸಲ ಇತ್ತು. ಒಂದರ ಮುಂದೆ ‘ಸೀಟ್0’ ಅಂತಿತ್ತು. ಅಂದ್ರೆ ಆ ಸೆಷನ್ ಕಂಪ್ಯೂಟರ್‌ಗೆ ನೇರವಾಗಿ ಜೋಡಿಸಿದ ಪರದೆಯದ್ದು. ರಿಮೋಟ್ ಸೆಷನ್ ಮುಂದೆ ಸೀಟ್ ಇರಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ‘ಅಕ್ಕಾ, ಬೆಳಗ್ಗೆ ತೆರೆದಿದ್ದ ಶೀಟೆಲ್ಲ ಸೇವ್ ಮಾಡಿದ್ರಾ?’ ‘ಮಾಡಿದೀನಪ್ಪಾ’ ಅಂದರು. ಆಮೇಲೆ ಎರಡೂ ಸೆಷನ್‌ಗಳನ್ನ ‘ಟರ್ಮಿನೇಟ್-ಸೆಷನ್’ ಕೊಟ್ಟು ಮುಗಿಸಿದೆ, ಆ ಎರಡು ಸಾಲು ತೆಗೆದುಹಾಕಿದೆ, ಮತ್ತೆ ಲಾಗಿನ್ ಆಗೋಕೆ ಹೇಳಿದೆ. ಎಲ್ಲ ಸರಿಯಾಗಿ ಬಂತು. 20ರೊಳಗೆ ರಿಟರ್ನ್‌ಗಳೂ ಹೋದವು. ಸರ್ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದರು.

ನಾನು ಹೀರೋ ಆಗಿಬಿಟ್ಟೆ. 22ನೇ ತಾರೀಖು ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ಒಂದು ರೂಲ್ ಮಾಡಿದೆ. ‘ಇನ್ಮೇಲೆ ಯಾರೂ ಬರೀ ಲಾಕ್ ಮಾಡಿ ಹೋಗಬಾರದು. ರಿಮೋಟ್‌ನಲ್ಲಿದ್ದರೆ ಮೇಲಿನ ಅಡ್ಡ ಗುರುತು ಒತ್ತಿ ವಿಂಡೋ ಮುಚ್ಚಬಾರದು. ಹಾಗೆ ಮುಚ್ಚಿದರೆ ಸಂಪರ್ಕ ಮಾತ್ರ ಕಡಿಯುತ್ತೆ, ಸೆಷನ್ ಒಳಗಡೆ ಓಡ್ತಾನೇ ಇರುತ್ತೆ. ಮೆನುಗೆ ಹೋಗಿ ಲಾಗ್‌ಔಟ್ ಅಂತಲೇ ಕೊಡಬೇಕು.’ ರೂಲ್ ಸರಿಯಾಗಿಯೇ ಇತ್ತು. ಅಕ್ಕ ಒಂದು ದಿನವೂ ತಪ್ಪದೆ ಪಾಲಿಸಿದರು.

ನನ್ನ ತಪ್ಪು ಇರೋದು ಇಲ್ಲಿ. ಅದಕ್ಕೂ ಆರು ತಿಂಗಳ ಹಿಂದೆ ಶೀಟುಗಳ ಬ್ಯಾಕಪ್‌ಗಾಗಿ ನಾನು ಒಂದು ಟೈಮರ್ ಮಾಡಿದ್ದೆ. ರಾತ್ರಿ 11ಕ್ಕೆ ಎಲ್ಲ ಶೀಟುಗಳೂ ಇನ್ನೊಂದು ಡಿಸ್ಕ್‌ಗೆ ಕಾಪಿ ಆಗಬೇಕು. ಫೈಲುಗಳೆಲ್ಲ ಅಕ್ಕನ ಹೋಮ್‌ನಲ್ಲಿ ಇದ್ದದ್ದರಿಂದ ಟೈಮರನ್ನೂ ಅಕ್ಕನ ಅಕೌಂಟಿನಲ್ಲೇ, ಯೂಸರ್ ಟೈಮರ್ ಆಗಿ ಮಾಡಿದ್ದೆ. ಯೂಸರ್ ಟೈಮರ್ ಓಡಬೇಕಾದರೆ ಆ ಬಳಕೆದಾರನ ಸಿಸ್ಟಮ್‌ಡಿ ಮ್ಯಾನೇಜರ್ ಓಡ್ತಾ ಇರಬೇಕು. ಆ ಮ್ಯಾನೇಜರ್ ಬರೋದು ಮೊದಲ ಲಾಗಿನ್‌ನಲ್ಲಿ, ಹೋಗೋದು ಕೊನೆಯ ಲಾಗ್‌ಔಟ್‌ನಲ್ಲಿ. ಛತ್ರದ ರೂಮಿನ ಜೊತೆಗೇ ಬಂದು, ರೂಮಿನ ಜೊತೆಗೇ ಹೋಗೋ ರೂಮ್ ಬಾಯ್ ಅಂದುಕೊಳ್ಳಿ.

ಆರು ತಿಂಗಳು ಬ್ಯಾಕಪ್ ಚೆನ್ನಾಗಿ ನಡೀತು. ಯಾಕೆ? ಅಕ್ಕ ಲಾಗ್‌ಔಟ್ ಆಗೋದನ್ನ ಮರೀತಿದ್ದರು, ಅದಕ್ಕೆ. ನಾನು ಯಾವುದನ್ನ ತಪ್ಪು ಅಂತ ಎಲ್ಲರ ಮುಂದೆ ತಿದ್ದಿದೆನೋ, ಅದರ ಮೇಲೆಯೇ ನನ್ನ ಬ್ಯಾಕಪ್ ನಿಂತಿತ್ತು.

ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಬ್ಯಾಕಪ್ ಫೇಲ್ ಆದರೆ ಸ್ಕ್ರಿಪ್ಟ್ ಒಂದು ಸಣ್ಣ ಫೈಲ್ ಬರೀಬೇಕು, ನಾನು ಬೆಳಗ್ಗೆ ಬಂದು ನೋಡಬೇಕು. ಆ ಫೈಲನ್ನ ಎಲ್ಲಿ ಇಟ್ಟಿದ್ದೆ? ಅದೇ ಸ್ಲ್ಯಾಷ್ ರನ್ ಸ್ಲ್ಯಾಷ್ ಯೂಸರ್ ಸ್ಲ್ಯಾಷ್ 1002 ಒಳಗೆ. ಫೈಲ್ ಇಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಲೆಕ್ಕ. 22ರ ನಂತರ ದಿನಾ ಬೆಳಗ್ಗೆ ಅಕ್ಕ ಲಾಗಿನ್ ಆದ ಮೇಲೆ ನೋಡ್ತಿದ್ದೆ. ಆಗ ತಾನೇ ಹುಟ್ಟಿದ ಡೈರೆಕ್ಟರಿ, ಅದರಲ್ಲಿ ಫೇಲ್ ಅಂತ ಹೇಳೋ ಫೈಲ್ ಎಲ್ಲಿಂದ ಬರಬೇಕು? ‘ಏನೂ ಇಲ್ಲ, ಎಲ್ಲ ಸರಿ ಇದೆ’ ಅಂತ ಕಾಫಿಗೆ ಹೋಗ್ತಿದ್ದೆ.

ಮುಂದಿನ ತಿಂಗಳು 9ನೇ ತಾರೀಖು. 11ಕ್ಕೆ ಜಿಎಸ್‌ಟಿಆರ್-1 ಕಡೇ ದಿನ. ಅಕ್ಕ ಒಂದು ಹಾರ್ಡ್‌ವೇರ್ ಅಂಗಡಿಯ ಮಾರಾಟದ ಶೀಟಿನಲ್ಲಿ ತಾರೀಖಿನ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ ಸಾರ್ಟ್ ಕೊಟ್ಟಿದ್ದಾರೆ. ತಾರೀಖುಗಳು ಮಾತ್ರ ಜರುಗಿವೆ, ಬಿಲ್ ನಂಬರ್, ಮೊತ್ತ ಇದ್ದಲ್ಲೇ ಉಳಿದಿವೆ. ಸೇವ್ ಮಾಡಿ ಮುಚ್ಚಿದ್ದಾರೆ. ಸಂಜೆ ಗೊತ್ತಾಯಿತು, ಯಾವ ಬಿಲ್ಲಿಗೂ ಯಾವ ತಾರೀಖೂ ಹೊಂದ್ತಿಲ್ಲ. ನಾನು ಧೈರ್ಯವಾಗಿ ಹೇಳಿದೆ, ‘ಅಕ್ಕಾ, ಗಾಬರಿ ಬೇಡ, ನಿನ್ನೆ ರಾತ್ರಿ ಬ್ಯಾಕಪ್ ಇದೆ.’

ಡಿಸ್ಕ್ ತೆಗೆದು ನೋಡಿದೆ. ಕೊನೆಯ ಬ್ಯಾಕಪ್ ಹೋದ ತಿಂಗಳು 21ರದ್ದು. 17 ರಾತ್ರಿ ಏನೂ ನಡೆದಿಲ್ಲ.

ಮೊದಲು ನನ್ನ ಅಕೌಂಟಿನಿಂದ ‘ಎಸ್‌ಯು’ ಕೊಟ್ಟು ಅಕ್ಕನ ಅಕೌಂಟಿಗೆ ಹೋಗಿ ಟೈಮರ್ ಪಟ್ಟಿ ಕೇಳಿದೆ. ಬಸ್‌ಗೆ ಕನೆಕ್ಟ್ ಆಗ್ತಿಲ್ಲ ಅಂತ ಎರರ್ ಬಂತು. ಟೈಮರೇ ಕೆಟ್ಟಿದೆ ಅಂದುಕೊಂಡು ಅರ್ಧ ಗಂಟೆ ಹಾಳು ಮಾಡಿದೆ. ಕೆಟ್ಟಿರಲಿಲ್ಲ. ಎಸ್‌ಯು ಕೊಟ್ಟರೆ ಹೆಸರು ಬದಲಾಗುತ್ತೆ, ಆದರೆ ಆ ಹೆಸರಿನಲ್ಲಿ ಹೊಸ ಸೆಷನ್ ಶುರುವಾಗಲ್ಲ, ಹಾಗಾಗಿ ಅವರ ರನ್‌ಟೈಮ್ ಡೈರೆಕ್ಟರಿ ನನಗೆ ಸಿಗಲ್ಲ. ಆಮೇಲೆ ಅಕ್ಕನನ್ನ ಕೇಳಿ, ಅವರ ಹೆಸರಲ್ಲೇ ಎಸ್‌ಎಸ್‌ಎಚ್‌ನಿಂದ ಒಳಗೆ ಹೋದೆ. ಟೈಮರ್ ಇತ್ತು, ಇವತ್ತು ರಾತ್ರಿ 11ಕ್ಕೆ ಓಡ್ತೀನಿ ಅಂತ ತೋರಿಸ್ತಿತ್ತು. ಹಿಂದೆ ಓಡಿದ್ದು ಯಾವಾಗ ಅನ್ನೋ ಕಾಲಂ ಖಾಲಿ. ಕೊನೆಗೆ ಜರ್ನಲ್‌ನಲ್ಲಿ ‘ಯೂಸರ್ ಅಟ್ 1002’ ಸರ್ವಿಸ್‌ನ ದಾಖಲೆ ತೆಗೆದೆ. ಒಂದೊಂದು ದಿನವೂ ಅಕ್ಕ ಲಾಗ್‌ಔಟ್ ಆದ ಸಂಜೆ ಏಳರ ಆಸುಪಾಸಿಗೆ ಮ್ಯಾನೇಜರ್ ನಿಂತಿದೆ, ಬೆಳಗ್ಗೆ ಹತ್ತಕ್ಕೆ ಮತ್ತೆ ಶುರುವಾಗಿದೆ. ರಾತ್ರಿ 11ಕ್ಕೆ ಒಳಗೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಸರ್ ಬಂದರು. ವಿಷಯ ಕೇಳಿ ಅಕ್ಕನ ಕಡೆ ತಿರುಗಿ, ‘ಇಷ್ಟು ವರ್ಷದ ಅನುಭವ ಇಟ್ಕೊಂಡು ಒಂದು ಶೀಟ್ ನೋಡ್ಕೊಳ್ಳೋಕೆ ಆಗಲ್ವೇನಮ್ಮಾ’ ಅಂದರು. ಅಕ್ಕ ತಲೆ ತಗ್ಗಿಸಿ ನಿಂತರು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಆ ಹೊತ್ತಿಗೆ ಕಾರಣ ನನಗೆ ಪೂರ್ತಿ ಗೊತ್ತಿತ್ತು. ಸಾರ್ಟ್ ತಪ್ಪಿದ್ದು ಅವರ ಕೈ, ನಿಜ. ಆದರೆ ಅಂಥ ತಪ್ಪು ಯಾರ ಕೈಯಲ್ಲೂ ಆಗುತ್ತೆ. ಆದಾಗ ಐದು ನಿಮಿಷದಲ್ಲಿ ಸರಿ ಹೋಗಲಿ ಅಂತಲೇ ಬ್ಯಾಕಪ್ ಇರೋದು. ಆ ಬ್ಯಾಕಪ್ ನನ್ನ ಜವಾಬ್ದಾರಿ.

ಆ ರಾತ್ರಿ, ಮರುದಿನ ರಾತ್ರಿ, ಅಕ್ಕ ಮುನ್ನೂರು ಚಿಲ್ಲರೆ ಬಿಲ್ಲುಗಳನ್ನ ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ನಾನೂ ಜೊತೆಗೆ ಕೂತು ಬಿಲ್ ಓದಿದೆ. ಎರಡನೇ ರಾತ್ರಿ ತಡೆಯೋಕಾಗದೆ ಅವರಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ನೀನು ಹೇಳಿದಂಗೇ ಮಾಡಿದ್ನಲ್ಲ ತಮ್ಮಾ’ ಅಂದರು. ಬೈದಿದ್ದರೆ ಪರವಾಗಿರಲಿಲ್ಲ. 11ರ ಬೆಳಗ್ಗೆ ಸರ್ ಟೇಬಲ್ ಹತ್ತಿರ ಹೋಗಿ, ಅಕ್ಕನ ಎದುರಿಗೇ, ‘ಸರ್, ಬ್ಯಾಕಪ್ ನಿಂತದ್ದು ನನ್ನ ತಪ್ಪಿನಿಂದ’ ಅಂತ ಹೇಳಿದೆ. ಎರಡು ದಿನ ತಡವಾಗಿ ಹೇಳಿದ ಮಾತು ಅದು. ರಿಟರ್ನ್ ಅವತ್ತು ಸಂಜೆ ಹೋಯಿತು.

ಸರಿ ಮಾಡಿದ್ದು ಹೇಗೆ ಅಂತ ಹೇಳ್ತೀನಿ, ಬರೆದುಕೊಳ್ಳಿ. ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಮತ್ತು ಬಳಕೆದಾರರ ಹೆಸರು. ಇಷ್ಟು ಕೊಟ್ಟರೆ ಯಾರೂ ಲಾಗಿನ್ ಆಗದಿದ್ದರೂ ಕಂಪ್ಯೂಟರ್ ಆನ್ ಆದಾಗಲೇ ಆ ಬಳಕೆದಾರನ ಮ್ಯಾನೇಜರ್ ಶುರುವಾಗುತ್ತೆ, ಲಾಗ್‌ಔಟ್ ಆದರೂ ಉಳಿಯುತ್ತೆ. ‘ಜನ ಬರಲಿ ಬಿಡಲಿ, ಈ ರೂಮು ನಮಗೆ ಇರಲಿ’ ಅಂತ ಛತ್ರದವರಿಗೆ ಹೇಳಿಟ್ಟ ಹಾಗೆ. ಟೈಮರ್ ಫೈಲಿನಲ್ಲಿ ‘ಪರ್ಸಿಸ್ಟೆಂಟ್ ಟ್ರೂ’ ಅನ್ನೋ ಸಾಲು ಹಾಕಿದೆ. ರಾತ್ರಿ ಕರೆಂಟ್ ಹೋಗಿ ಬ್ಯಾಕಪ್ ತಪ್ಪಿದರೆ, ಮತ್ತೆ ಆನ್ ಆದಾಗ ಅದು ಓಡುತ್ತೆ. ಫೇಲ್ ಆದಾಗ ಬರೆಯೋ ಫೈಲನ್ನ ತೆಗೆದು, ಬ್ಯಾಕಪ್ ಆದಾಗ ತಾರೀಖು ಬರೆಯೋ ಫೈಲ್ ಮಾಡಿದೆ, ಅದೂ ಡಿಸ್ಕ್ ಮೇಲೆ. ಈಗ ನಿನ್ನೆಯ ತಾರೀಖು ಕಾಣದಿದ್ದರೆ ತೊಂದರೆ ಅಂತ ಅರ್ಥ. ಕ್ಯಾಷ್ ಬುಕ್ ಬರೆಯೋರಿಗೆ ಇದು ಗೊತ್ತಿರಬೇಕಾದ ವಿಷಯ. ಪುಟ ಖಾಲಿ ಇದೆ ಅಂದ್ರೆ ವ್ಯವಹಾರ ನಡೆದಿಲ್ಲ ಅಂತಲೂ ಆಗಬಹುದು, ಬರೆದಿಲ್ಲ ಅಂತಲೂ ಆಗಬಹುದು. ಬಿ.ಕಾಂ. ಓದಿದ ನಾನೇ ಅದನ್ನ ಮರೆತಿದ್ದೆ.

ನಿಮಗೂ ಇಂಥ ತೊಂದರೆ ಬಂದರೆ ಯಾವ ಕ್ರಮದಲ್ಲಿ ನೋಡಬೇಕು? ಮೊದಲು, ಯಾರು ಒಳಗಿದ್ದಾರೆ ಅಂತ ಲಿಸ್ಟ್-ಸೆಷನ್ಸ್ ಕೊಟ್ಟು ನೋಡಿ. ಒಂದೇ ಹೆಸರು ಎರಡು ಕಡೆ ಇದ್ದರೆ ಅರ್ಧ ಉತ್ತರ ಸಿಕ್ಕಿತು. ಎರಡನೆಯದು, ಆ ಡೈರೆಕ್ಟರಿ ಇದೆಯಾ, ಮಾಲೀಕರು ಯಾರು ಅಂತ ನೋಡಿ. ಸುಡೋ ಬಳಸಿ ಗ್ರಾಫಿಕಲ್ ಆಪ್ ತೆರೆದರೆ ಕೆಲವೊಮ್ಮೆ ಒಳಗಡೆ ರೂಟ್ ಹೆಸರಿನ ಫೈಲ್ ಉಳಿದು, ಡಿ-ಕಾನ್ಫ್ ಬರೆಯೋಕೆ ಆಗ್ತಿಲ್ಲ ಅಂತ ಎರರ್ ಬರುತ್ತೆ. ಎಲ್ಲ ಸೆಷನ್‌ನಿಂದ ಲಾಗ್‌ಔಟ್ ಆಗಿ ಬಂದರೆ ಅದು ಹೊಸದಾಗಿ ಆಗುತ್ತೆ, ಲಿಂಗರ್ ಹಾಕಿದ್ದರೆ ಮಾತ್ರ ಆ ಫೈಲನ್ನ ಕೈಯಾರೆ ತೆಗೀಬೇಕು. ಮೂರನೆಯದು, ‘ಡಿಎಫ್’ ಕೊಟ್ಟು ಜಾಗ ತುಂಬಿದೆಯಾ ನೋಡಿ. ನಾಲ್ಕನೆಯದು, ಹೋಮ್‌ನಲ್ಲಿ ‘ಥಿನ್‌ಕ್ಲೈಂಟ್ ಡ್ರೈವ್ಸ್’ ಅನ್ನೋ ಫೋಲ್ಡರ್‌ನ ವಿವರದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ, ಅದು ಸತ್ತುಹೋದ ರಿಮೋಟ್ ಸೆಷನ್ ಬಿಟ್ಟುಹೋದ ಮೌಂಟ್. ‘ಫ್ಯೂಸರ್‌ಮೌಂಟ್ ಮೈನಸ್ ಯು’ ಕೊಟ್ಟು ತೆಗೀರಿ. ಆಮೇಲೂ ಗೊತ್ತಾಗದಿದ್ದರೆ ಎಕ್ಸ್‌ಆರ್‌ಡಿಪಿ ಸೆಸ್‌ಮ್ಯಾನ್ ಲಾಗ್, ಹೋಮ್‌ನಲ್ಲಿರೋ ಎಕ್ಸ್‌ಸೆಷನ್ ಎರರ್ಸ್ ಫೈಲ್ ಓದಿ. ಮತ್ತೆ, ಯಾರದ್ದೇ ಸೆಷನ್ ಮುಗಿಸೋ ಮುಂಚೆ ಒಂದು ಫೋನ್ ಮಾಡಿ. ಸೇವ್ ಮಾಡದ ಕೆಲಸ ಯಾವ ಕಮಾಂಡ್‌ಗೂ ವಾಪಸ್ ಬರಲ್ಲ.

ಒಬ್ಬರ ಅಭ್ಯಾಸ ತಿದ್ದೋಕೆ ಮುಂಚೆ, ಆ ಅಭ್ಯಾಸದ ಮೇಲೆ ನಮ್ಮದು ಏನಾದರೂ ನಿಂತಿದೆಯಾ ಅಂತ ನೋಡಬೇಕು. ನಾನು ನೋಡಲಿಲ್ಲ. ಅಕ್ಕ ಈಗಲೂ ಅದೇ ಆಫೀಸಿನಲ್ಲಿದ್ದಾರೆ, ಈ ಎಪಿಸೋಡ್ ಮಾಡೋಕೆ ಅವರನ್ನ ಕೇಳಿಯೇ ಮಾಡಿದೀನಿ. ‘ಸಾರ್ಟ್ ಮಾಡಿದ್ದು ನಾನೇ ಅಂತಲೂ ಹೇಳು, ಮುಚ್ಚಿಡಬೇಡ’ ಅಂದರು. ಹೇಳಿದೀನಿ ಅಕ್ಕಾ.

ಇವತ್ತು ರಾತ್ರಿ ಮಲಗೋ ಮುಂಚೆ ನಿಮ್ಮ ಕೊನೆಯ ಬ್ಯಾಕಪ್‌ನ ತಾರೀಖು ನೋಡಿ, ಒಂದು ಫೈಲ್ ವಾಪಸ್ ತೆಗೆದೂ ನೋಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.